ಪರಸಿಯ ಮೇಲೆ ಮನೆತನ

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ,
ಸತ್ತವರ ಮೇಲೊಂದು ಕಾಟು,
ಹುಟ್ಟದೆ ಹೋದದ್ದಕ್ಕೆ ಸಣ್ಣ ತ್ರಿಕೋನ.
ಹೀಗೆ ಮಾರ್ಥಾ ಮೇಡಂ ಕರಿಹಲಗೆಯ ಮೇಲೆ
ಮೂರು ತಲೆಮಾರು ಇಳಿಸಿ ಕೈ ಝಾಡಿಸಿಕೊಂಡಿದ್ದರು.
ಉಳಿದದ್ದನ್ನು ಮನೆಗೆ ಹೋಗಿ ಕೇಳಬೇಕು, ಅಂದರು.

ಹೋದೆ. ಶಹಾಬಾದಿನಲ್ಲಿ ಗಾಡಿ ಇಳಿದು
ಕಲ್ಲು ಕೊಯ್ಯುವ ಮಿಷನ್ನು ಕಿರುಚುವ ಓಣಿಯ ಕೊನೆಯ ಮನೆ.
ಬಿಳಿ ಕೋಟು, ನೀಲಿ ಚೀಲ,
ಚೀಲದಲ್ಲಿ ಬಿಪಿ ಯಂತ್ರ, ಹದಿನಾಲ್ಕು ಪುಟದ ಫಾರಮ್ಮು.

ಸಾಬವ್ವ ಗೋಣಿತಟ್ಟು ಹಾಸಿದಳು.
"ಕುಂದರ್ರಿ ಸಿಸ್ಟರ್, ಚಾ ಕುಡೀತೀರೇನು?"
ಫಾರಮ್ಮಿನಲ್ಲಿ ಚಹಕ್ಕೆ ಜಾಗವಿಲ್ಲ.
ಕುಡಿದೆ.

ಮನೆಯ ಯಜಮಾನರು ಯಾರು?
ಸೊಸೆ ಅತ್ತೆಯ ಕಡೆ ನೋಡಿದಳು,
ಅತ್ತೆ ಗೋಡೆಯ ಕಡೆ.
ಗೋಡೆಯ ಮೇಲೆ ದ್ಯಾವಪ್ಪ, ಹಾರದೊಳಗೆ, ಮೀಸೆ ತೀಡಿಕೊಂಡು.
"ಚೀಟ್ಯಾಗ ಟಿಬಿ ಅಂತ ಬರದಾರ.
ಕೆಮ್ಮಿದ್ರ ಕಲ್ಲಿನ ಹುಡಿ ಬೀಳತಿತ್ತು ನನ ಮಗಗ.
ಅದರ ಹೆಸರ ನಿಮಗ ಗೊತ್ತಿರಬೇಕು," ಎಂದಳು ತಿಪ್ಪವ್ವ.
ಗೊತ್ತಿತ್ತು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ.

ಕುಟುಂಬವೆಂದರೆ ತೊಟ್ಟಿಲ ಮೇಲೆ ಕಟ್ಟಿದ ಬಟ್ಟೆಯ ಗುಬ್ಬಿಗಳು,
ಒಂದು ತಾಗಿದರೆ ಎಲ್ಲವೂ ತಿರುಗುತ್ತವೆ:
ವ್ಯವಸ್ಥಾ ಸಿದ್ಧಾಂತ, ನೋಟ್ಸಿನ ಮೂವತ್ತೊಂದನೆಯ ಪುಟ.
ಇಲ್ಲಿ ಒಂದು ಗುಬ್ಬಿ ಹರಿದು ಬಿದ್ದಿದೆ,
ಅದರ ದಾರ ಮಾತ್ರ ಇನ್ನೂ ಜಗ್ಗುತ್ತಿದೆ, ಅದೇ ಭಾರಕ್ಕೆ.

ಐದು ಪ್ರಶ್ನೆ. ಪ್ರತಿಯೊಂದಕ್ಕೂ ಮೂರೇ ಉತ್ತರ:
ಯಾವಾಗಲೂ, ಆಗೊಮ್ಮೆ ಈಗೊಮ್ಮೆ, ಇಲ್ಲವೇ ಇಲ್ಲ.
ಕಷ್ಟದಲ್ಲಿ ಮನೆಯವರು ನಿಮ್ಮ ಮಾತು ಕೇಳ್ತಾರೇನಮ್ಮ?
ತಿಪ್ಪವ್ವ ಎಲಿಯಡಿಕಿ ಮಗ್ಗುಲಿಗೆ ತಳ್ಳಿದಳು:
"ಕೇಳಂಗಿಲ್ಲ. ಖರೆ, ರಾತ್ರಿ ನಾ ಮಗ್ಗಲ ಹೊಳ್ಳಿಸಿದ್ರ
ಇಕಿಗಿ ಎಚ್ಚರ ಆಗ್ತದ. ಇದಕ್ಕ ಎಷ್ಟ ಹಾಕ್ತಿ ಹಾಕು."
ಎರಡು ಹಾಕಿದೆ. ಅಳಿಸಿದೆ. ಮತ್ತೆ ಎರಡೇ ಹಾಕಿದೆ.

ಮುದುಕಿಯ ಬಸಿರುಗಳು ಕಾಗದದಲ್ಲಿ ಹಿಡಿಯಲಿಲ್ಲ.
ಐಶು ಪಾಟಿಚೀಲದಿಂದ ಸೀಮೆಸುಣ್ಣ ತಂದಳು.
ಅಂಗಳದ ಪರಸಿಯ ಮೇಲೆ ಬರೆದೆವು,
ಇವರೇ ಕೊಯ್ದು, ಇವರೇ ತಿಕ್ಕಿ ನುಣುಪು ಮಾಡಿದ ಕಲ್ಲು.
ತ್ರಿಕೋನ ಎಷ್ಟು? ಬೆರಳು ಮಡಚುತ್ತ ಬಂದ ತಿಪ್ಪವ್ವ
ಮೂರರ ಬಳಿ ನಿಂತಳು. ನಾಲ್ಕನೆಯದನ್ನು ನಿಧಾನ ಮಡಚಿ,
"ಇದು ನನ ಗಂಡಗೂ ಹೇಳಿದ್ದಿಲ್ಲ," ಅಂದಳು.
ಸಾಬವ್ವ ಸೆರಗು ಬಾಯಿಗೊತ್ತಿ ಕೆಮ್ಮಿದಳು.

ಆಮೇಲೆ ಹೊರಗಿನ ನಂಟು:
ಗಟ್ಟಿಯಿದ್ದರೆ ದಪ್ಪ ಗೆರೆ, ಬಡಕಲಿಗೆ ಚುಕ್ಕಿ, ಜಗಳಕ್ಕೆ ಗರಗಸ.
ದವಾಖಾನೆಗೆ ಚುಕ್ಕಿ.
ಕಲ್ಲಿನ ಮಾಲಕನಿಗೆ? ಸಾಬವ್ವ ಸುಣ್ಣ ಕಸಿದುಕೊಂಡು
ತಾನೇ ಎಳೆದಳು, ಹಲ್ಲು ಹಲ್ಲಾಗಿ, ಹೊಸ್ತಿಲತನಕ.
ಗಂಡನ ಮಿಷನ್ನಿನ ಮುಂದೆ ಈಗ ಇವಳೇ ಕೂಡುತ್ತಾಳೆ.

ಬಾಜೂ ಮನೆಯ ಖಾಜಾಬಿ ದಿನಾ ಮುಂಜಾನೆ ಬಂದು
ಮುದುಕಿಗೆ ಇನ್ಸುಲಿನ್ ಚುಚ್ಚುವವಳು.
ರಕ್ತದ ಗೆರೆಯಿಲ್ಲ, ಮದುವೆಯ ಗೆರೆಯಿಲ್ಲ.
"ಆಕಿನ್ನ ಒಳಗ ಬರಿ."
ಹಾಗೆ ಬರೆಯೋ ನಿಯಮ ಇಲ್ಲಮ್ಮ.
"ನಿಯಮ ಮಾಡಿದಾಕಿ ಯಾರು? ಕರಕೊಂಡು ಬಾ ಇಲ್ಲಿ."
ಬರೆದೆ. ಎಲ್ಲರಿಗಿಂತ ಕೆಳಗೆ, ದೊಡ್ಡ ವೃತ್ತ.

ಫೋಟೊಕ್ಕೆಂದು ನಾನು ಫೋನು ಹುಡುಕುವಷ್ಟರಲ್ಲಿ
ಐಶು ಬಿಲ್ಲೆ ಎಸೆದಾಗಿತ್ತು. ಒಂಟಿಕಾಲಲ್ಲಿ
ಮುತ್ಯಾನ ಚೌಕ, ಅಜ್ಜಿಯ ವೃತ್ತ,
ಅಪ್ಪನ ಕಾಟು ತುಳಿಯದೆ ಹಾರಿ, ಅವ್ವನನ್ನು ದಾಟಿ,
ಖಾಜಾಬಿಯೊಳಗೆ ಎರಡೂ ಕಾಲೂರಿ ನಿಂತಳು.
ಅಲ್ಲಿ ಊರಬಹುದಂತೆ. ಅದು ಮನಿಯಂತೆ.

ಗಾಡಿಯಲ್ಲಿ ಕೂತು ಕೊನೆಯ ಪುಟ ತುಂಬಿದೆ:
ಮುಂದಿನ ಭೇಟಿ, ಮಂಗಳವಾರ.
ಸಾಬವ್ವ: ಕೆಮ್ಮು, ಎಷ್ಟು ದಿನದಿಂದ, ಕೇಳಲಿಲ್ಲ.
ಎದೆಯ ಎಕ್ಸ್‌ರೇಗೆ ನಾನೇ ಜೊತೆ ಹೋಗುವುದು.
ಒಯ್ಯಬೇಕಾದ್ದು: ಸೀಮೆಸುಣ್ಣ.